ಒಂದೇ ಮನೆಯ ಇಬ್ಬರು ಮಕ್ಕಳು, ಎರಡು ಬಗೆಯ ನಿಯಮ: ಅಮೆರಿಕದ ಕಾಲೇಜು ಓದಿಗೆ ಧನಸಹಾಯ ಎಲ್ಲೆಲ್ಲಿ ಸಿಗುತ್ತದೆ?

ಹೊಂಬೆಳಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸಮಸ್ಯೆ ಇಲ್ಲಿರುವ ಇನ್ನೂ ಹಲವರದ್ದಾಗಿರಬಹುದು ಎಂದುಕೊಂಡು ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ನಮ್ಮ ಯಜಮಾನರು ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದಾರೆ, ನಾನು ಅವರ ಅವಲಂಬಿತಳಾಗಿ ಎಚ್-4 ವೀಸಾದಲ್ಲಿದ್ದೇನೆ, ಗ್ರೀನ್ ಕಾರ್ಡಿನ (ಖಾಯಂ ವಾಸದ ಪರವಾನಗಿಯ) ಸರದಿ ಇನ್ನೂ ದೂರವಿದೆ. ಮಗ ಭಾರತದಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ನಮ್ಮೊಂದಿಗೆ ಬಂದು ಇಲ್ಲಿಯೇ ಓದಿದ್ದಾನೆ. ಇಪ್ಪತ್ತೊಂದು ವರ್ಷ ತುಂಬಿದ ಕಾರಣ ಅವಲಂಬಿತರ ಎಚ್-4 ಬಿಟ್ಟು ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಗಬೇಕಾಯಿತು. ರಸಾಯನಶಾಸ್ತ್ರದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದು, ಮುಂದೆಯೂ ಓದಬೇಕೆಂದಿದ್ದಾನೆ. ಮಗಳು ಇಲ್ಲಿಯೇ ಹುಟ್ಟಿದವಳು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ.

ಇಬ್ಬರ ಖರ್ಚೂ ಒಟ್ಟಿಗೇ ಎದುರಾಗಲಿದೆ. ನಾವು ವೀಸಾದಲ್ಲಿರುವುದರಿಂದ ಫೆಡರಲ್ (ಕೇಂದ್ರ) ಸರ್ಕಾರದ ಧನಸಹಾಯಕ್ಕೆ ಹಾಕುವ ಫಾಫ್ಸಾ ಅರ್ಜಿ ನಮಗೆ ಸಂಬಂಧಿಸಿದ್ದಲ್ಲವೆಂದೂ, ತುಂಬಿದರೂ ಪ್ರಯೋಜನವಿಲ್ಲವೆಂದೂ ಪರಿಚಯದವರು ಹೇಳುತ್ತಾರೆ. ಮಗನ ಕಾಲೇಜಿನ ಧನಸಹಾಯ ಕಚೇರಿಯಲ್ಲಿ ವಿಚಾರಿಸಿದರೆ, ನಿಮ್ಮ ವೀಸಾದವರಿಗೆ ನಮ್ಮಲ್ಲಿ ಏನೂ ಇಲ್ಲ ಎಂದು ಎರಡೇ ಮಾತಿನಲ್ಲಿ ಕಳುಹಿಸಿಬಿಟ್ಟರು. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿಕೊಡಬೇಕು.

ಲೆಕ್ಕಿಗ

ಹೊಂಬೆಳಕು ಅವರೇ, ಮೊದಲು ಮಗಳ ವಿಷಯ ಹೇಳುತ್ತೇನೆ, ಏಕೆಂದರೆ ಪರಿಚಯದವರ ಮಾತನ್ನು ನಂಬಿ ನೀವು ಅರ್ಜಿಯನ್ನೇ ಬಿಟ್ಟರೆ ನಷ್ಟ ಅವಳಿಗೆ. ಫೆಡರಲ್ ಸಹಾಯಕ್ಕೆ ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು. ತಂದೆತಾಯಿಯ ವೀಸಾ ಯಾವುದು ಎಂಬುದು ಅಲ್ಲಿ ಅರ್ಹತೆಯ ಪ್ರಶ್ನೆಯೇ ಆಗುವುದಿಲ್ಲ. ಇಲ್ಲಿ ಹುಟ್ಟಿದ ನಿಮ್ಮ ಮಗಳು ಅಮೆರಿಕದ ಪ್ರಜೆ, ಆದ್ದರಿಂದ ಪೆಲ್ ಗ್ರ್ಯಾಂಟ್ (ಹಿಂತಿರುಗಿಸಬೇಕಿಲ್ಲದ ಸರ್ಕಾರಿ ನೆರವು), ವರ್ಕ್-ಸ್ಟಡಿ (ಓದುತ್ತಲೇ ದುಡಿದು ಸಂಪಾದಿಸುವ ಕೆಲಸ), ಫೆಡರಲ್ ಸಾಲ ಎಲ್ಲಕ್ಕೂ ಅರ್ಜಿ ಹಾಕುವ ಹಕ್ಕು ಅವಳಿಗಿದೆ. ನಿಮ್ಮ ಆದಾಯದ ಮೇಲೆ ಎಷ್ಟು ಸಿಗುತ್ತದೆ ಎಂಬುದು ಬೇರೆ ಮಾತು.

ಅರ್ಜಿ ಪ್ರತಿ ವರ್ಷ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ, ಎರಡು ವರ್ಷ ಹಿಂದಿನ ತೆರಿಗೆ ವಿವರಗಳನ್ನು ಅದು ಬಳಸುತ್ತದೆ. ಉದಾಹರಣೆಗೆ 2026-27ರ ಸಾಲಿಗೆ ನೋಡುವುದು 2024ರ ಆದಾಯವನ್ನು. ಫೆಡರಲ್ ಗಡುವು ಬಹಳ ಉದ್ದವಿದೆಯೆಂದು ಸುಮ್ಮನಿರಬೇಡಿ, ರಾಜ್ಯಗಳ ಮತ್ತು ಕಾಲೇಜುಗಳ ಗಡುವು ಅದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಕೆಲವು ಕಡೆ ಮೊದಲು ಬಂದವರಿಗೆ ಕೊಡುತ್ತಾ ಹೋಗಿ, ಹಣ ಮುಗಿದ ಮೇಲೆ ನಿಲ್ಲಿಸಿಬಿಡುತ್ತಾರೆ.

ಮಗನಿಗೆ ಮಾತ್ರ ಈ ಬಾಗಿಲು ಮುಚ್ಚಿದೆ. ಎಫ್-1 ಮತ್ತು ಎಚ್-4 ವೀಸಾದವರಿಗೆ ಫೆಡರಲ್ ಸಹಾಯವಿಲ್ಲ. ಅವನ ವಿಷಯವನ್ನು ಸಂಶೋಧನೆಯ ಕ್ಷೇತ್ರದಲ್ಲಿರುವವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಇಬ್ಬನಿ

ಫಾಫ್ಸಾ ಅರ್ಜಿಗೆ ಶುಲ್ಕವಿಲ್ಲ. ಅದನ್ನು ತುಂಬಿಕೊಡಲು ಅಥವಾ "ಖಚಿತ ವಿದ್ಯಾರ್ಥಿವೇತನ" ಕೊಡಿಸಲು ಹಣ ಕೇಳುವವರನ್ನು ದೂರವಿಡಿ.

ಮುಂಗಾರು

ಲೆಕ್ಕಿಗರ ಮಾತು ಕಾನೂನಿನ ಪ್ರಕಾರ ಸರಿ, ಆದರೆ ವ್ಯವಹಾರದಲ್ಲಿ ಉಪಯೋಗಕ್ಕೆ ಬಾರದು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರ ಆದಾಯಕ್ಕೆ ಪೆಲ್ ಗ್ರ್ಯಾಂಟ್ ಸಿಗುವುದೇ ಇಲ್ಲ. ಅದು ಕಡಿಮೆ ಆದಾಯದ ಮನೆಗಳಿಗೆ ಇರುವುದು, ಹಾಗಿರುವುದೇ ನ್ಯಾಯ. 2025-26ರಲ್ಲಿ ಅದರ ಗರಿಷ್ಠ ಮೊತ್ತವೇ 7,395 ಡಾಲರ್. ನಾವು ನಮ್ಮ ಎಲ್ಲ ಲೆಕ್ಕವನ್ನು ಅರ್ಜಿಯಲ್ಲಿ ಒಪ್ಪಿಸಿ ಕೊನೆಗೆ ಪಡೆದದ್ದು ಸಾಲ ಮಾತ್ರ. ಸಾಲಕ್ಕಾಗಿ ಇಷ್ಟೆಲ್ಲ ಏಕೆ ಬೇಕು?

ತುಂಗೆ

ಮುಂಗಾರು ಅವರೇ, ನಿಮ್ಮ ಮಾತನ್ನು ಒಪ್ಪಲಾರೆ. ಫಾಫ್ಸಾ ತುಂಬುವುದು ಪೆಲ್‌ಗಾಗಿ ಮಾತ್ರವೇ? ಅನೇಕ ಕಾಲೇಜುಗಳು ತಮ್ಮದೇ ನಿಧಿಯಿಂದ ಕೊಡುವ ಗ್ರ್ಯಾಂಟಿಗೂ ಅದೇ ಅರ್ಜಿಯನ್ನು ಕೇಳುತ್ತವೆ. ದೊಡ್ಡ ನಿಧಿಯಿರುವ ಖಾಸಗಿ ವಿಶ್ವವಿದ್ಯಾಲಯಗಳು ಅದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಅಲ್ಲಿಯ ಆದಾಯದ ಮಿತಿಗಳನ್ನು ನೋಡಿದರೆ ಮಧ್ಯಮ ವರ್ಗದವರೂ ಆಸೆ ಇಟ್ಟುಕೊಳ್ಳಬಹುದು. ಪ್ರಿನ್ಸ್‌ಟನ್ 2001ರಲ್ಲೇ ತನ್ನ ಧನಸಹಾಯದಿಂದ ಸಾಲವನ್ನು ತೆಗೆದು ಪೂರ್ತಿ ಗ್ರ್ಯಾಂಟ್ ಮಾಡಿತು. 2025-26ರಿಂದ ಅಲ್ಲಿ 2.5 ಲಕ್ಷ ಡಾಲರ್‌ವರೆಗೆ ಆದಾಯವಿರುವ ಬಹುತೇಕ ಕುಟುಂಬಗಳಿಗೆ ಬೋಧನಾ ಶುಲ್ಕವಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ಅದೇ ವರ್ಷದಿಂದ ಈ ಮಿತಿಯನ್ನು 2 ಲಕ್ಷ ಡಾಲರ್‌ಗೆ ಏರಿಸಿದವು.

ಅಂಥ ಕಡೆ ಪ್ರವೇಶ ಸಿಗುವುದು ಕೆಲವೇ ಮಕ್ಕಳಿಗೆ, ಅದು ನನಗೂ ಗೊತ್ತು. ಆದರೆ ಕಾಲೇಜಿನ ಪಟ್ಟಿ ಮಾಡುವಾಗಲೇ ಘೋಷಿತ ಶುಲ್ಕ ನೋಡಿ ಹೆದರಿ ಹೆಸರು ಹೊಡೆದುಹಾಕುವ ಮನೆಗಳನ್ನು ಬಹಳ ನೋಡಿದ್ದೇನೆ, ಅದರಿಂದ ನನಗೆ ನಿಜಕ್ಕೂ ಬೇಸರವಾಗುತ್ತದೆ. ಫೆಡರಲ್ ಸಹಾಯ ಪಡೆಯುವ ಕಾಲೇಜುಗಳೆಲ್ಲ ತಮ್ಮ ಜಾಲತಾಣದಲ್ಲಿ ನಿವ್ವಳ ವೆಚ್ಚದ, ಅಂದರೆ ಗ್ರ್ಯಾಂಟ್ ಮತ್ತು ವಿದ್ಯಾರ್ಥಿವೇತನ ಕಳೆದು ಉಳಿಯುವ ಖರ್ಚಿನ, ಕ್ಯಾಲ್ಕುಲೇಟರ್ ಇಡಲೇಬೇಕು, ಇದು 2011ರಿಂದ ಕಡ್ಡಾಯ. ತೆರಿಗೆ ಪತ್ರ ಪಕ್ಕದಲ್ಲಿಟ್ಟುಕೊಂಡು ಒಂದು ಸಂಜೆ ಕುಳಿತರೆ ನಾಲ್ಕೈದು ಕಾಲೇಜುಗಳ ಅಂದಾಜು ನಿಮ್ಮ ಕೈಯಲ್ಲಿರುತ್ತದೆ.

ಲೆಕ್ಕಿಗ

ತುಂಗೆ ಅವರು ಹೇಳಿದ ಸಿಎಸ್‌ಎಸ್ ಪ್ರೊಫೈಲ್ ಬಗ್ಗೆ ಒಂದು ಎಚ್ಚರಿಕೆ. ಫಾಫ್ಸಾದಲ್ಲಿ ನೀವು ವಾಸಿಸುವ ಮನೆಯ ಬೆಲೆಯನ್ನಾಗಲಿ, 401(ಕೆ) ನಿವೃತ್ತಿ ಖಾತೆಯಲ್ಲಿರುವ ಹಣವನ್ನಾಗಲಿ ಆಸ್ತಿಯೆಂದು ಎಣಿಸುವುದಿಲ್ಲ. ಸಿಎಸ್‌ಎಸ್ ಕೇಳುವ ಕಾಲೇಜುಗಳಲ್ಲಿ ಹಲವು ಮನೆಯ ಮೌಲ್ಯವನ್ನೂ ನೋಡುತ್ತವೆ.

ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಫಾಫ್ಸಾದಲ್ಲಿ ಕುಟುಂಬದ ಪಾಲನ್ನು ಹಂಚಿ ಲೆಕ್ಕ ಹಾಕುತ್ತಿದ್ದ ಪದ್ಧತಿ 2024-25ರಿಂದ ನಿಂತುಹೋಗಿದೆ. ಹಳೆಯ ಲೇಖನಗಳನ್ನು ಓದಿ ಅದನ್ನು ನಂಬಿಕೊಂಡವರು ಈಗಲೂ ಇದ್ದಾರೆ. ನಿಮ್ಮ ಮಗ ಓದುತ್ತಿರುವ ಕಾರಣಕ್ಕೆ ಮಗಳ ಲೆಕ್ಕದಲ್ಲಿ ರಿಯಾಯಿತಿ ಸಿಗುವುದಿಲ್ಲ, ಆದರೆ ಕಾಲೇಜು ತನ್ನ ಸ್ವಂತ ಗ್ರ್ಯಾಂಟ್ ನಿರ್ಧರಿಸುವಾಗ ಅದನ್ನು ಪರಿಗಣಿಸಬಹುದು. ಕೇಳುವುದು ನಿಮ್ಮ ಕೆಲಸ.

ಹೊಂಬೆಳಕು

ಲೆಕ್ಕಿಗ ಸರ್, ತುಂಗೆ ಅವರೇ, ತುಂಬಾ ಧನ್ಯವಾದಗಳು. ಇನ್ನೊಂದು ಪ್ರಶ್ನೆ: ಮಗಳ ಹೆಸರಿನಲ್ಲೇ ಒಂದಿಷ್ಟು ಉಳಿತಾಯ ಮಾಡಿದ್ದೇವೆ, ಓದಿನ ಖರ್ಚಿಗೆಂದೇ ಇರುವ 529 ಉಳಿತಾಯ ಖಾತೆಯಲ್ಲೂ ಸ್ವಲ್ಪ ಇದೆ. ಇವೆರಡೂ ಲೆಕ್ಕಕ್ಕೆ ಬರುತ್ತವೆಯೇ?

ಲೆಕ್ಕಿಗ

ಬರುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಮಗಳ ಹೆಸರಿನ ಉಳಿತಾಯದಲ್ಲಿ ಶೇಕಡಾ 20ರಷ್ಟನ್ನು ಆ ವರ್ಷದ ಓದಿಗೆ ಬಳಸಬಹುದೆಂದು ಸೂತ್ರ ಎಣಿಸುತ್ತದೆ. ತಂದೆತಾಯಿಯ ಆಸ್ತಿಯಲ್ಲಿ ಆ ಪ್ರಮಾಣ ಹೆಚ್ಚೆಂದರೆ ಶೇಕಡಾ 5.64. ನಿಮ್ಮ ಮಾಲೀಕತ್ವದ 529 ಖಾತೆ ತಂದೆತಾಯಿಯ ಆಸ್ತಿಯ ಸಾಲಿಗೇ ಸೇರುತ್ತದೆ.

ಅರಳಿಕಟ್ಟೆ

ಎಲ್ಲರೂ ಅರ್ಜಿಯ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಅದರ ನಂತರ ಬರುವ ಪತ್ರದ ಬಗ್ಗೆ ಹೇಳಬೇಕು, ಏಕೆಂದರೆ ಬಹಳಷ್ಟು ಜನ ಎಡವುವುದು ಅಲ್ಲಿಯೇ.

ನಮ್ಮ ಮಗನಿಗೆ ಬಂದ ಒಂದು ಪತ್ರದಲ್ಲಿ ಮೇಲಿನಿಂದ ಕೆಳಕ್ಕೆ ಐದು ಬಾಬ್ತುಗಳಿದ್ದವು: ಪ್ರತಿಭಾ ವಿದ್ಯಾರ್ಥಿವೇತನ, ಕಾಲೇಜಿನ ಗ್ರ್ಯಾಂಟ್, ಬಡ್ಡಿ ಸಹಾಯವಿರುವ ಸಾಲ, ಬಡ್ಡಿ ಸಹಾಯವಿಲ್ಲದ ಸಾಲ, ವರ್ಕ್-ಸ್ಟಡಿ. ಐದನ್ನೂ ಕೂಡಿಸಿ "ಒಟ್ಟು ಸಹಾಯ" ಎಂದು ದಪ್ಪಕ್ಷರದಲ್ಲಿ ಬರೆದು, ಅದನ್ನು ಶುಲ್ಕದಿಂದ ಕಳೆದು, ಉಳಿದದ್ದನ್ನು ನೀವು ಕಟ್ಟಬೇಕಾದ ಮೊತ್ತವೆಂದು ತೋರಿಸಿದ್ದರು. ಮೊದಲ ಎರಡು ಮಾತ್ರ ನಿಜವಾಗಿ ನಮ್ಮ ಖರ್ಚನ್ನು ಇಳಿಸುವಂಥವು. ನಡುವಿನ ಎರಡನ್ನು ಬಡ್ಡಿಯೊಂದಿಗೆ ತೀರಿಸಬೇಕು. ಕೊನೆಯದು ಮಗು ಕೆಲಸ ಹುಡುಕಿಕೊಂಡು, ದುಡಿದು, ತಿಂಗಳ ಅಥವಾ ಹದಿನೈದು ದಿನಗಳ ಸಂಬಳವಾಗಿ ಪಡೆಯುವ ಹಣ. ಆಗಸ್ಟ್‌ನಲ್ಲಿ ಶುಲ್ಕ ಕಟ್ಟುವಾಗ ಅದು ಕೈಯಲ್ಲಿರುವುದಿಲ್ಲ. ವಿಮಾನದ ಟಿಕೆಟ್, ಪುಸ್ತಕ, ಆರೋಗ್ಯ ವಿಮೆ ಯಾವುದೂ ಆ ಪತ್ರದಲ್ಲಿ ಇರಲಿಲ್ಲ.

ಇದು ಒಂದೆರಡು ಕಾಲೇಜುಗಳ ಕಥೆಯಲ್ಲ. ಅಮೆರಿಕ ಸರ್ಕಾರದ ಉತ್ತರದಾಯಿತ್ವ ಕಚೇರಿ, ಅಂದರೆ ಜಿಎಒ, 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಅಂದಾಜಿನ ಪ್ರಕಾರ ಶೇಕಡಾ 91ರಷ್ಟು ಕಾಲೇಜುಗಳು ತಮ್ಮ ಪತ್ರದಲ್ಲಿ ನಿವ್ವಳ ವೆಚ್ಚವನ್ನು ಸರಿಯಾಗಿ ತೋರಿಸುವುದಿಲ್ಲ. ಆದ್ದರಿಂದ ಪ್ರತಿ ಪತ್ರ ಬಂದಾಗಲೂ ಒಂದು ಹಾಳೆಯಲ್ಲಿ ಹಿಂತಿರುಗಿಸಬೇಕಿಲ್ಲದ ಹಣವನ್ನು ಮಾತ್ರ ಬೇರೆ ಬರೆದುಕೊಂಡು, ಪೂರ್ತಿ ಖರ್ಚಿನಿಂದ ಅದನ್ನಷ್ಟೇ ಕಳೆಯಿರಿ. ಪ್ರತಿಭಾ ವಿದ್ಯಾರ್ಥಿವೇತನ ನಾಲ್ಕು ವರ್ಷವೂ ಮುಂದುವರಿಯಲು ಎಷ್ಟು ಜಿಪಿಎ (ಅಂಕಗಳ ಸರಾಸರಿ) ಉಳಿಸಿಕೊಳ್ಳಬೇಕು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮುಂಗಾರು

ಅರಳಿಕಟ್ಟೆಯವರ ಮಾತು ನೂರಕ್ಕೆ ನೂರು ನಿಜ. ನಾನು ಹೇಳಿದ್ದೂ ಇದನ್ನೇ: ಸಾಲವನ್ನು ಸಹಾಯ ಎಂದು ಕರೆಯುವುದೇ ತಪ್ಪು.

ತುಂಗೆ

ಎಲ್ಲ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಡ್ಡಿ ಸಹಾಯವಿರುವ ಫೆಡರಲ್ ಸಾಲಕ್ಕೆ ಓದುವಷ್ಟು ಕಾಲ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಪದವಿಯ ಮಕ್ಕಳಿಗೆ 2025-26ರ ಬಡ್ಡಿ ದರ ಶೇಕಡಾ 6.39, ಅದು ಸಾಲದ ಅವಧಿಯುದ್ದಕ್ಕೂ ಬದಲಾಗುವುದಿಲ್ಲ, ಜಾಮೀನುದಾರರೂ ಬೇಕಿಲ್ಲ. ಜೊತೆಗೆ ಮಿತಿಯೂ ಇದೆ: ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಅನಂತರ ವರ್ಷಕ್ಕೆ 7,500, ಒಟ್ಟಾರೆ 31,000. ಇಪ್ಪತ್ತೆರಡರ ಹರೆಯದ ಮಗು ಹೊರಲಾಗದಷ್ಟು ದೊಡ್ಡ ಹೊರೆಯೇನೂ ಅಲ್ಲ. ಭಯಪಡಬೇಕಾದದ್ದು ಅದರ ಮೇಲೆ ಪೇರಿಸುವ ಖಾಸಗಿ ಸಾಲಕ್ಕೆ.

ಲೆಕ್ಕಿಗ

ಇದಕ್ಕೆ ಎಚ್-1ಬಿ ಮನೆಗಳಿಗೆ ಸಂಬಂಧಿಸಿದ ಒಂದು ಅಂಶವನ್ನು ಸೇರಿಸುತ್ತೇನೆ. ತಂದೆತಾಯಿ ಪಡೆಯುವ ಪೇರೆಂಟ್ ಪ್ಲಸ್ ಸಾಲಕ್ಕೆ ತಂದೆ ಅಥವಾ ತಾಯಿ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆಗಿರಬೇಕು, ಹಾಗಾಗಿ ಹೊಂಬೆಳಕು ಅವರಿಗೆ ಅದು ಸಿಗುವುದಿಲ್ಲ. ಆದರೆ ಇದೇ ಕಾರಣವನ್ನು ಕಾಲೇಜಿನ ಧನಸಹಾಯ ಅಧಿಕಾರಿಗೆ ದಾಖಲೆ ಸಹಿತ ತಿಳಿಸಿದರೆ, ಅವರು ತಮ್ಮ ವಿವೇಚನೆಯ ಮೇರೆಗೆ ಮಗಳಿಗೆ ಬಡ್ಡಿ ಸಹಾಯವಿಲ್ಲದ ಸಾಲದ ಮಿತಿಯನ್ನು ಹೆಚ್ಚಿಸಬಹುದು. ಮೊದಲ ವರ್ಷದ 5,500 ಆಗ 9,500 ಡಾಲರ್‌ವರೆಗೆ ಹೋಗುತ್ತದೆ. ಇದನ್ನು ಅವರಾಗಿಯೇ ಹೇಳುವುದು ಕಡಿಮೆ.

ನೀಲಗಗನ

ಅಧಿಕಾರಿಯ ವಿವೇಚನೆಯ ಮಾತು ಬಂದದ್ದರಿಂದ ನಮ್ಮ ಅನುಭವ ಹೇಳಿಬಿಡುತ್ತೇನೆ. ಮಗಳು ಎರಡನೆಯ ವರ್ಷದಲ್ಲಿದ್ದಾಗ ನನ್ನ ಕೆಲಸ ಹೋಯಿತು. ಅರ್ಜಿಯಲ್ಲಿದ್ದದ್ದು ನಾನು ಒಳ್ಳೆಯ ಸಂಬಳ ಪಡೆಯುತ್ತಿದ್ದ ವರ್ಷದ ಆದಾಯ. ಕಚೇರಿಗೆ ಮೊದಲು ಫೋನ್ ಮಾಡಿದಾಗ, ನಿಯಮದಂತೆ ಆ ವರ್ಷದ್ದನ್ನೇ ನೋಡುತ್ತೇವೆ ಎಂದರು. ಅಷ್ಟಕ್ಕೆ ಸುಮ್ಮನಾಗದೆ, ಕೆಲಸದಿಂದ ತೆಗೆದ ಪತ್ರ, ಕೊನೆಯ ಸಂಬಳದ ಚೀಟಿ, ನಿರುದ್ಯೋಗ ಭತ್ಯೆಯ ವಿವರ ಇವನ್ನೆಲ್ಲ ಲಗತ್ತಿಸಿ, ಮನೆಯ ತಿಂಗಳ ಖರ್ಚನ್ನು ಒಂದು ಪುಟದಲ್ಲಿ ಬರೆದು, ಕಾನೂನಿನಲ್ಲಿ ಇದಕ್ಕಿರುವ "ಪ್ರೊಫೆಷನಲ್ ಜಡ್ಜ್‌ಮೆಂಟ್" ಎಂಬ ಹೆಸರಿನಿಂದಲೇ ಮರುಪರಿಶೀಲನೆ ಕೋರಿದೆವು. ಆ ಹೆಸರು ಕಂಡ ಕೂಡಲೇ ಪತ್ರ ಸರಿಯಾದ ಮೇಜಿಗೆ ಹೋಯಿತು. ಮುಂದಿನ ಸೆಮಿಸ್ಟರಿಗೆ ಕಾಲೇಜಿನ ಗ್ರ್ಯಾಂಟ್ ಹೆಚ್ಚಾಯಿತು. ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆ, ಆದರೆ ಕೆಲಸ ಕಳೆದುಕೊಂಡ ಮನೆಯವರು ಕೇಳದೇ ಇರಬಾರದು.

ಪ್ರಯೋಗಶಾಲೆ

ಹೊಂಬೆಳಕು ಮೇಡಂ, ನಾನು ರಸಾಯನಶಾಸ್ತ್ರದಲ್ಲೇ ಪಿಎಚ್‌ಡಿ ಮುಗಿಸಿದವನು, ನಾನೂ ಎಫ್-1 ವೀಸಾದಲ್ಲಿಯೇ ಓದಿದ್ದು. ನಿಮ್ಮ ಮಗ ಧನಸಹಾಯ ಕಚೇರಿಗೆ ಹೋದದ್ದು ಸಹಜ, ಆದರೆ ಉನ್ನತ ವ್ಯಾಸಂಗದಲ್ಲಿ ಅವನಂಥವರಿಗೆ ಹಣ ಬರುವುದು ಆ ಕಚೇರಿಯಿಂದಲ್ಲ, ವಿಭಾಗದಿಂದ. ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವಿಭಾಗವು ಬೋಧನಾ ಸಹಾಯಕರಾಗಿಯೋ ಸಂಶೋಧನಾ ಸಹಾಯಕರಾಗಿಯೋ ಕೆಲಸ ಕೊಟ್ಟು, ಬೋಧನಾ ಶುಲ್ಕವನ್ನು ಮನ್ನಾ ಮಾಡಿ, ಜೀವನ ವೆಚ್ಚಕ್ಕೆ ತಿಂಗಳ ಸ್ಟೈಪೆಂಡ್ ಕೊಡುವುದು ವಾಡಿಕೆ. ಇದಕ್ಕೆ ವೀಸಾ ಅಡ್ಡಿಯಾಗುವುದಿಲ್ಲ. ಎಫ್-1ನಲ್ಲಿರುವವರು ತರಗತಿಗಳು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು, ಈ ಹುದ್ದೆಗಳನ್ನು ಸಾಮಾನ್ಯವಾಗಿ ಆ ಮಿತಿಯೊಳಗೇ ರೂಪಿಸಿರುತ್ತಾರೆ.

ಮನೆಯವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವೆಂದರೆ, ಇಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿಗೆ ಮೊದಲು ಸ್ನಾತಕೋತ್ತರ ಪದವಿ ಬೇಕೆಂಬ ನಿಯಮ ಹೆಚ್ಚಿನ ಕಡೆ ಇಲ್ಲ. ಪದವಿ ಮುಗಿಸಿದವರು ನೇರವಾಗಿ ಅರ್ಜಿ ಹಾಕುತ್ತಾರೆ. ಭಾರತದ ಕ್ರಮವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೊದಲು ಎಂಎಸ್ ಎಂದು ಹೊರಟರೆ, ಹಣ ಸಿಗುವ ದಾರಿಯನ್ನು ಬಿಟ್ಟು ಹಣ ಕಟ್ಟುವ ದಾರಿಯನ್ನು ಹಿಡಿದಂತಾಗುತ್ತದೆ.

ಆಹ್ವಾನ ಪತ್ರ ಬಂದಾಗ ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ, ಎಷ್ಟು ವರ್ಷಗಳ ಭರವಸೆ ಇದೆ, ಆರೋಗ್ಯ ವಿಮೆ ಸೇರಿದೆಯೇ, ಬೋಧನಾ ಶುಲ್ಕ ಮನ್ನಾ ಆದ ಮೇಲೂ ಪ್ರತಿ ಸೆಮಿಸ್ಟರಿಗೆ ಕಟ್ಟಬೇಕಾದ ಇತರ ಶುಲ್ಕಗಳು ಎಷ್ಟು ಎಂಬುದನ್ನು ಅವನು ನೋಡಿಕೊಳ್ಳಬೇಕು. ಬೇಸಿಗೆಯ ಮೂರು ತಿಂಗಳು ಸ್ಟೈಪೆಂಡ್ ಇಲ್ಲದೆ ಪರದಾಡಿದ ಗೆಳೆಯರು ನನಗಿದ್ದರು. ಯಾವುದಾದರೂ ವಿಶ್ವವಿದ್ಯಾಲಯ ಒಂದು ವಾರದಲ್ಲಿ ಒಪ್ಪಿಗೆ ಕೊಡಿ ಎಂದು ಅವಸರಪಡಿಸಿದರೆ ಹೆದರಬೇಕಿಲ್ಲ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ಸಂಸ್ಥೆಗಳಲ್ಲಿ, ಹಣಕಾಸಿನ ನೆರವಿರುವ ಆಹ್ವಾನಕ್ಕೆ ಏಪ್ರಿಲ್ 15ಕ್ಕೆ ಮೊದಲು ಉತ್ತರಿಸುವ ಬಾಧ್ಯತೆ ವಿದ್ಯಾರ್ಥಿಗಿಲ್ಲ.

ದಾರಿದೀಪ

ಪ್ರಯೋಗಶಾಲೆಯವರು ಪಿಎಚ್‌ಡಿಯನ್ನು ಹಣ ಉಳಿಸುವ ಉಪಾಯದಂತೆ ಹೇಳಿದ್ದು ನನಗೆ ಸರಿಕಾಣಲಿಲ್ಲ. ಐದಾರು ವರ್ಷ ಒಂದೇ ಸಮಸ್ಯೆಯ ಹಿಂದೆ ಬೀಳುವ ಮನಸ್ಸಿಲ್ಲದ ಹುಡುಗನನ್ನು ಸ್ಟೈಪೆಂಡ್ ತೋರಿಸಿ ಕಳುಹಿಸಿದರೆ ಅವನ ಯೌವನವೇ ಅದಕ್ಕೆ ಬೆಲೆಯಾಗುತ್ತದೆ. ಉದ್ಯೋಗಕ್ಕೆ ಎಂಎಸ್ ಸಾಕು ಎನ್ನುವವರಿಗೆ ಎರಡು ವರ್ಷದ ಸಾಲವೇ ಲೇಸು.

ಪ್ರಯೋಗಶಾಲೆ

ಮನಸ್ಸಿಲ್ಲದವರು ಹೋಗಬಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಸಾಲವೇ ಲೇಸು ಎಂಬ ಮಾತನ್ನು ಅಷ್ಟು ಸುಲಭವಾಗಿ ಹೇಳಬೇಡಿ. ಎಫ್-1 ವಿದ್ಯಾರ್ಥಿಗೆ ಫೆಡರಲ್ ಸಾಲವಿಲ್ಲ. ಖಾಸಗಿ ಸಾಲಕ್ಕೆ ಬಹುತೇಕ ಬ್ಯಾಂಕುಗಳು ಪ್ರಜೆಯನ್ನೋ ಗ್ರೀನ್ ಕಾರ್ಡ್ ಉಳ್ಳವರನ್ನೋ ಜಾಮೀನಿಗೆ ಕೇಳುತ್ತವೆ. ಜಾಮೀನು ನಿಂತ ಚಿಕ್ಕಪ್ಪನಿಗೂ ಅಣ್ಣನ ಮನೆಯವರಿಗೂ ಮಾತು ನಿಂತುಹೋದದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಓದು ಮುಗಿದ ಮೇಲೆ ಕೆಲಸ, ವೀಸಾ ಎರಡೂ ಸಿಗಬೇಕು. ಸಿಗದಿದ್ದರೂ ಕಂತು ನಿಲ್ಲುವುದಿಲ್ಲ.

ಅರಳಿಕಟ್ಟೆ

ಪ್ರಜೆಗಳಾದ ಮಕ್ಕಳಿಗೂ ಈಗ ಉನ್ನತ ವ್ಯಾಸಂಗದ ಸಾಲ ಬಿಗಿಯಾಗಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನು, ಪೂರ್ತಿ ಖರ್ಚಿನವರೆಗೂ ಸಾಲ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಯೋಜನೆಯನ್ನು ಹೊಸಬರಿಗೆ 2026ರ ಜುಲೈ 1ರಿಂದ ಮುಚ್ಚುತ್ತದೆ. ಅಲ್ಲಿಂದ ಮುಂದೆ ಸ್ನಾತಕೋತ್ತರ ಮತ್ತು ಪಿಎಚ್‌ಡಿಯವರಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್. ವೈದ್ಯಕೀಯ, ಕಾನೂನು ಮೊದಲಾದ ವೃತ್ತಿಪರ ಪದವಿಗಳಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಪೇರೆಂಟ್ ಪ್ಲಸ್‌ಗೂ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಎಂಬ ಮಿತಿ ಬಂದಿದೆ. ಮಗಳನ್ನು ವೈದ್ಯಕೀಯಕ್ಕೆ ಕಳುಹಿಸುವ ಯೋಚನೆಯಿರುವವರು ಪದವಿಯಲ್ಲೇ ಉಳಿತಾಯವನ್ನೆಲ್ಲ ಖಾಲಿ ಮಾಡಿಕೊಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ತುಂಗೆ

ಸಾಲದ ಮಾತು ಹೆಚ್ಚಾಯಿತು, ಫೆಲೋಶಿಪ್‌ಗಳನ್ನೂ ನೆನೆಯೋಣ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಗ್ರಾಜುಯೇಟ್ ಫೆಲೋಶಿಪ್ ಮೂರು ವರ್ಷ, ವರ್ಷಕ್ಕೆ 37,000 ಡಾಲರ್ ಕೊಡುತ್ತದೆ, ಆದರೆ ಅದು ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಉಳ್ಳವರಿಗೆ. ವಲಸೆ ಬಂದವರಿಗೂ ವಲಸಿಗರ ಮಕ್ಕಳಿಗೂ ಎಂದೇ ಇರುವ ಪಾಲ್ ಮತ್ತು ಡೈಸಿ ಸೊರೊಸ್ ಫೆಲೋಶಿಪ್ ಎರಡು ವರ್ಷಕ್ಕೆ 90,000 ಡಾಲರ್‌ವರೆಗೆ ನೀಡುತ್ತದೆ. ತಂದೆತಾಯಿ ಇಬ್ಬರೂ ಹೊರದೇಶದಲ್ಲಿ ಹುಟ್ಟಿದ ಹೊಂಬೆಳಕು ಅವರ ಮಗಳಂಥವರು ಮುಂದೆ ಅದಕ್ಕೆ ಪ್ರಯತ್ನಿಸಬಹುದು. ಮಗನಿಗೆ ಸದ್ಯ ಮೊದಲನೆಯದು ಇಲ್ಲ. ಸೊರೊಸ್ ಫೆಲೋಶಿಪ್‌ಗೆ ಹೈಸ್ಕೂಲು, ಪದವಿ ಎರಡನ್ನೂ ಅಮೆರಿಕದಲ್ಲೇ ಮುಗಿಸಿದವರೂ ಅರ್ಜಿ ಹಾಕಬಹುದಾದ್ದರಿಂದ, ಅವನೂ ಅದರ ನಿಯಮಗಳನ್ನು ನೋಡಲಿ. ಸ್ಟ್ಯಾನ್‌ಫರ್ಡ್‌ನ ನೈಟ್-ಹೆನ್ನೆಸಿ ವಿದ್ಯಾರ್ಥಿವೇತನಕ್ಕೆ ಮಾತ್ರ ಯಾವ ದೇಶದವರಾದರೂ ಅರ್ಜಿ ಹಾಕಬಹುದು.

ಇಬ್ಬನಿ

ಸ್ಟೈಪೆಂಡಿಗೆ ಆದಾಯ ತೆರಿಗೆ ಇದೆ, ಮನ್ನಾ ಆದ ಬೋಧನಾ ಶುಲ್ಕಕ್ಕೆ ಸಾಮಾನ್ಯವಾಗಿ ಇಲ್ಲ. ಮೊದಲ ವರ್ಷವೇ ಸ್ವಲ್ಪ ಎತ್ತಿಡಲು ಮಗನಿಗೆ ಹೇಳಿ.

ದಾರಿದೀಪ

ಕೆಲಸಕ್ಕೆ ಸೇರಿದ ಮೇಲೆ ಓದುವ ದಾರಿಯನ್ನು ಯಾರೂ ಹೇಳಲಿಲ್ಲ. ಉದ್ಯೋಗ ಕೊಟ್ಟವರು ನೌಕರರ ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆಯಿಲ್ಲ. ಸಂಜೆ ತರಗತಿಗಳಲ್ಲಿ ನಿಧಾನವಾಗಿ ಎಂಎಸ್ ಮುಗಿಸಿದ ಸಹೋದ್ಯೋಗಿಗಳು ನನ್ನ ತಂಡದಲ್ಲೇ ಇದ್ದಾರೆ, ಅವರ ತಲೆಯ ಮೇಲೆ ಒಂದು ಡಾಲರ್ ಸಾಲವಿಲ್ಲ.

ಹೊಂಬೆಳಕು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿ. ಮಗ ಈ ಪುಟವನ್ನೆಲ್ಲ ಓದಿದ, ಪಿಎಚ್‌ಡಿಗೆ ನೇರವಾಗಿ ಅರ್ಜಿ ಹಾಕುವ ಬಗ್ಗೆ ತನ್ನ ಪ್ರಾಧ್ಯಾಪಕರೊಡನೆ ಮಾತಾಡುತ್ತಾನಂತೆ. ಮಗಳ ಅರ್ಜಿಯನ್ನು ತೆರೆದು ಕುಳಿತಿದ್ದೇವೆ. ಅದರಲ್ಲಿ ತಂದೆತಾಯಿಯೂ ಧನಸಹಾಯದ ಜಾಲತಾಣದಲ್ಲಿ ಖಾತೆ ತೆರೆಯಬೇಕೆಂದಿದೆ. ನನಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ, ತೆರಿಗೆ ಸಲ್ಲಿಸಲು ಕೊಡುವ ಐಟಿಐಎನ್ ಎಂಬ ಸಂಖ್ಯೆ ಮಾತ್ರ ಇದೆ. ಇಲ್ಲಿಯೇ ಸಿಕ್ಕಿಕೊಂಡಿದ್ದೇವೆ.

ಲೆಕ್ಕಿಗ

ನೀವಿಬ್ಬರೂ ಜಂಟಿಯಾಗಿ ತೆರಿಗೆ ಸಲ್ಲಿಸುವವರಾದರೆ ಒಬ್ಬರು ಖಾತೆ ತೆರೆದರೆ ಸಾಕು. ಯಜಮಾನರಿಗೆ ಸಂಖ್ಯೆ ಇರುವುದರಿಂದ ಅವರ ಹೆಸರನ್ನೇ ಕೊಟ್ಟು ಆಹ್ವಾನ ಕಳುಹಿಸಿ. ಮುಂದೆ ಎಂದಾದರೂ ನಿಮ್ಮ ಹೆಸರಿನಲ್ಲಿ ಬೇಕಾದರೆ, ಸಂಖ್ಯೆ ಇಲ್ಲದವರೂ ಖಾತೆ ತೆರೆಯುವ ಅವಕಾಶ ಅಲ್ಲೇ ಇದೆ. ತೆರಿಗೆ ಇಲಾಖೆಯಿಂದ ವಿವರ ಪಡೆಯಲು ಒಪ್ಪಿಗೆ ಕೇಳುವ ಪುಟದಲ್ಲಿ ಯಜಮಾನರೂ ಮಗಳೂ ಇಬ್ಬರೂ ಒಪ್ಪಿಗೆ ಕೊಡಲೇಬೇಕು. ಒಬ್ಬರು ಬಿಟ್ಟರೂ ಫೆಡರಲ್ ಸಹಾಯಕ್ಕೆ ಅರ್ಹತೆ ಇರುವುದಿಲ್ಲ. ಸಹಿ ಹಾಕಿ ಸಲ್ಲಿಸಿದ ಮೇಲೆ ಬರುವ ದೃಢೀಕರಣದ ಇಮೇಲನ್ನು ಉಳಿಸಿಕೊಳ್ಳಿ, ಮತ್ತೆ ಎಲ್ಲಾದರೂ ತಡೆ ಬಂದರೆ ಇಲ್ಲಿಯೇ ಬರೆಯಿರಿ.